ಸಾವಂತ್ರವ್ವ ಏನಂದ್ಲು

ಹಿರೇಕೆರೂರು
೧೧ ಆಗಸ್ಟ್ ೨೦೨೪, ರವಿವಾರ

ತನುಜಾ,

ಫೋನ್ ಹಚ್ಚಿ ಹಚ್ಚಿ ನನ್ನ ಬೆರಳು ಸವದ್ವು. ನೀ ನನ್ನ ನಂಬರ ಬ್ಲಾಕ್ ಮಾಡೀದಿ ಅಂತ ನನ್ನ ಮಗಳು ನೀಲೂ ನೋಡಿ ಹೇಳಿದ್ಲು. ಅದಕ್ಕ ಪೋಸ್ಟಿಗೆ ಹಾಕಾಕತ್ತೇನಿ. ಕಾಗದಾ ಬ್ಲಾಕ್ ಮಾಡಾಕ ಬರಂಗಿಲ್ಲ, ಹರದು ಒಗಿಬಹುದು ಅಷ್ಟ. ಒಗಿ, ಆದ್ರ ಓದಿ ಒಗಿ.

ಮೊನ್ನಿ ಗುರುವಾರ ರೊಟ್ಟಿ ಹಬ್ಬದ ದಿನ ನಾ ಅಕ್ಕಿಆಲೂರಿಗೆ ಬಂದದ್ದು ಯಾಕ ಅಂತ ನಿನಗ ಗೊತ್ತಿತ್ತು. ಇಪ್ಪತ್ತೈದು ವರ್ಷ ಆತು, ಪಂಚಮಿಗೆ ನಾ ಬ್ಯಾರೆ ಕಡೆ ಹೋಗಿಲ್ಲ. ನನ್ನ ಹಡದಾಕಿ ನಾ ಎರಡು ವರ್ಷದಾಕಿ ಇದ್ದಾಗ ಹೋದ್ಲು. ಮಗ್ಗಲ ಮನ್ಯಾಗಿನ ನಿನ್ನವ್ವ ಸಾವಂತ್ರವ್ವನ ನನಗೂ ಅವ್ವ ಆದ್ಲು. ಆ ಮನೀನ ನನ್ನ ತವರಾತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಉಂಡಿ, ಎಳ್ಳುಂಡಿ, ಅವ್ವಗಂತ ಒಂದು ಇಳಕಲ್ ಸೀರಿ, ಬುಟ್ಟಿ ತುಂಬ ಹೊತ್ಕೊಂಡು ಬಸ್ಸಿನ್ಯಾಗ ನಿಂತು ಬಂದೆ. ಬಾಗಲಾಗಿಂದನ ಒದರಿದೆ, "ಅವ್ವಾ, ಹಬ್ಬ ಬಂತು, ಏಳವ್ವಾ" ಅಂತ.

ಪಡಸಾಲ್ಯಾಗ ಅವ್ವನ ಫೋಟೋ. ಹಣಿಗೆ ಇಬತ್ತಿ, ಕೊಳ್ಳಾಗ ಮಾಲಿ.

ಸಾವಾದ ಮನ್ಯಾಗ ಆ ವರ್ಷ ಉಂಡಿ ಕಟ್ಟಂಗಿಲ್ಲ, ಒಲಿಮ್ಯಾಲ ಬಾಣಲಿ ಇಡಂಗಿಲ್ಲ. ಅಂಥಾ ಮನಿಗೆ ಹಬ್ಬದ ಬುಟ್ಟಿ ಹೊತ್ಕೊಂಡು ನಗುನಗುತ ಬಂದ ಮುಂಡೇದು ನಾನು. ನೀ ಅಡಗಿಮನ್ಯಾಗಿಂದ ಕೈ ಒರಸ್ಕೋತ ಬಂದಿ. ಮುದಕವ್ವ ಇದ್ಲು, ಓಣ್ಯಾಗಿನ ಇನ್ನ ಇಬ್ಬರು ಮೂವರಿದ್ರು. ಅವರೆಲ್ಲರ ಮುಂದ ನೀ ಅಂದಿ, "ಈಗ ಬಂದ್ಯಾ? ಹಬ್ಬಾ ಮಾಡಾಕ?"

ಬುಟ್ಟಿ ಎತ್ಕೊಂಡು ತಿರಿಗಿ ಹೊಂಟೆ. ಬಸ್ ಸ್ಟ್ಯಾಂಡಿನ ತನಕ ಮುದಕವ್ವ ಬೆನ್ನ ಹತ್ತಿ ಬಂದು ಹೇಳಿದ್ಲು: "ಜೂನ್ ಹನ್ನೆರಡಕ್ಕ ಹೋದ್ಲವ್ವಾ. ನೀ ಮಣ್ಣಿಗೂ ಬರಲಿಲ್ಲಲ್ಲ. ಹೋಗೂ ಮುಂದ ನಾಗೂನ್ನ ಕರಸು ಅಂದಿದ್ಲು. ತನುಜಾ ಫೋನ್ ಹಚ್ಚಿದ್ರ ಬರಾಕ ಆಗಂಗಿಲ್ಲ ಅಂದ್ಯಂತ. ಉಂಡ ಮನಿ ಜಂತಿ ಎಣಿಸಬಾರದವ್ವಾ."

ಯಾವ ಫೋನು? ಯಾವಾಗ ಹಚ್ಚಿದಿ? ನನ್ನ ಗಂಡ ಮಾಲತೇಶಗ ಮೇ ತಿಂಗಳಾಗ ಮೂತ್ರಪಿಂಡದ ಕಲ್ಲಿನ ಆಪರೇಷನ್ ಆತು, ದಾವಣಗೆರಿ ದವಾಖಾನ್ಯಾಗ ಹದಿನೈದು ದಿನ ಕುಂತಿದ್ದೆ. ಅವ್ವನ ಮೊಬೈಲಿಗೆ ಮೂರು ಸಲ ಹಚ್ಚಿದೆ, ಮೂರೂ ಸಲ ಬಂದ್ ಇತ್ತು. ನಾಕನೇ ಸಲ ಹಚ್ಚಬೇಕಾಗಿತ್ತು, ಎದ್ದು ಬರಬೇಕಾಗಿತ್ತು. ಅದು ನನ್ನ ತಪ್ಪು, ಒಪ್ಕೋತೇನಿ. ಆದ್ರ ನೀ ಹೇಳಲಿಲ್ಲ. ಹೇಳಲಾರದ ಹೇಳೇನಿ ಅಂದಿ, ಅದಕ್ಕ ಓಣ್ಯಾಗ ಮತ್ತ್ಯಾರೂ ನನಗ ತಿಳಸಲಿಲ್ಲ. ಓಣಿ ಮಂದಿ ನನ್ನ ನೋಡಿದ ನೋಟ ಈಗೂ ಬೆನ್ನಾಗ ಚುಚ್ಚಾಕತ್ತೈತಿ.

ಯಾಕ ಮಾಡಿದಿ ಇದನ್ನ? ಉತ್ತರಾ ಬರಿ.

ನಾಗೂ


ಹಿರೇಕೆರೂರು
೨ ಸೆಪ್ಟೆಂಬರ್ ೨೦೨೪

ತನುಜಾ,

ನಿನ್ನ ಉತ್ತರಾ ಬರಲಿಲ್ಲ. ಅಂಗನವಾಡ್ಯಾಗ ಪೋಸ್ಟಮನ್ ಹಾದು ಹೋದಾಗೊಮ್ಮೆ ಎದ್ದು ನಿಲ್ಲತೇನಿ. ಹುಡುಗ್ರು ಉಪ್ಪಿಟ್ಟು ಚೆಲ್ಲಿದ್ರೂ ನನಗ ಖಬರ ಇರಂಗಿಲ್ಲ.

ಇವತ್ತು ಬೈಯ್ಯಾಕ ಬರ್ಯಾಕತ್ತಿಲ್ಲ. ಅವ್ವನ ಮಾತು ಆಡಾಕ ನನಗ ನಿನ್ನ ಬಿಟ್ಟು ಯಾರದಾರ? ಮಾಲತೇಶ ಒಳ್ಳೆ ಮನಶ್ಯಾ, ಹೂಂ ಹೂಂ ಅಂತಾನ, ಆದ್ರ ಅಂವಗ ಏನ್ ಗೊತ್ತು? ನಮ್ಮಿಬ್ಬರನ್ನೂ ಕಟ್ಟಿಮ್ಯಾಲ ಸಾಲಾಗಿ ಕುಂದರ್ಸಿ ಒಂದ ಬಾಚಣಿಕ್ಯಾಗ ಬಾಚ್ತಿದ್ದದ್ದು ನಿನಗ ಗೊತ್ತು. ಮೊದಲು ನನ್ನ ತಲಿ, ಆಮ್ಯಾಲ ನಿಂದು. ನನ್ನ ತಲ್ಯಾಗ ಹೇನು ಇದ್ರೂ ಒಂದ ದಿನಾ ಮೂಗು ಮುರಿಲಿಲ್ಲ. "ಹೇನು ಶಾಣ್ಯಾರ ತಲ್ಯಾಗನ ಇರ್ತಾವಲೇ" ಅಂತ ನಗ್ತಿದ್ಲು.

ಏಳನೇತ್ತ ಮುಗಿದ ಮ್ಯಾಲ ಮಲತಾಯಿ ಚೌಡವ್ವ ನನ್ನ ಸಾಲಿ ಬಿಡಿಸಿದ್ಲಲ್ಲ, "ನೀರು ತರಾಕ ಮನ್ಯಾಗ ಆಳಿಲ್ಲ" ಅಂತ. ಅಪ್ಪ ಗುದ್ಲೆಪ್ಪ ಅಕ್ಕಿ ಗಿರಣ್ಯಾಗ ಹಮಾಲಿ, ಅಂವ ಬಾಯಿ ಬಿಡಲಿಲ್ಲ. ನಿನ್ನವ್ವ ನಮ್ಮ ಹೊಸ್ತಲದಾಗ ಬಂದು ನಿಂತು, "ಆಳ ಬೇಕಲ್ಲ ಚೌಡವ್ವಾ? ನಾಳೆಯಿಂದ ನಾ ಬರ್ತೇನಿ, ಹುಡುಗಿನ್ನ ಸಾಲಿಗೆ ಕಳಸು" ಅಂದ್ಲು. ಚೌಡವ್ವ ಚಾಷ್ಟಿ ಅಂತ ತಿಳದು ನಕ್ಲು. ಮರುದಿನ ಮುಂಜಾನೆ ಹನ್ನೆರಡು ಎಕರೆ ಗದ್ದಿ ಇದ್ದವರ ಮನಿ ಹೆಣಮಗಳು ಹಮಾಲನ ಮನಿಗೆ ಕೊಡಾ ಹೊತ್ಲು. ಓಣಿ ಎಲ್ಲಾ ಬಾಗಲಕ್ಕ ಬಂದು ನಿಂತಿತ್ತು. ಎಂಟು ದಿನ ಹೊತ್ಲು ತನುಜಾ! ಒಂಬತ್ತನೇ ದಿನ ಚೌಡವ್ವ ನಾಚಿಕಿಗೆ ಸತ್ತು ನನ್ನ ಪಾಟೀಚೀಲಾ ತಾನ ತಂದು ಕೊಟ್ಲು. ಇವತ್ತು ನಾ ನಾಕು ಅಕ್ಷರಾ ಬರದು ಪಗಾರ ತಿನ್ನಾಕತ್ತೇನಿ ಅಂದ್ರ ಆ ಎಂಟು ದಿನದ ನೀರು ಅದು.

ನೀಲೂನ್ನ ಹಡಿಯೂ ಮುಂದ ನನಗ ತವರಿಲ್ಲ, ಮಾಲತೇಶನ ಮನ್ಯಾಗ ಹೆಣ್ಣ ಜೀವ ಅಂತ ಒಂದೂ ಇಲ್ಲ. ಕರೀಲಾರದ ಬಂದು ಕೈ ಹಿಡದು ಕರಕೊಂಡು ಹೋದ್ಲು. ಮೂರು ತಿಂಗಳು ಬಾಣಂತನಾ ಮಾಡಿದ್ಲು. ಹಂಡೆ ನೀರು ಕಾಸಿ ಎರಿಯೋದೇನು, ಅಂಟಿನುಂಡಿ ಏನು, ಸಬ್ಬಸಗಿ ಪಲ್ಯ ಏನು. ಹಡದಾಕಿ ಇದ್ರೂ ಅಷ್ಟು ಮಾಡ್ತಿರಲಿಲ್ಲ.

ತನುಜಾ, ಓಣಿ ಮಂದಿ ಏನರ ಅನ್ಲಿ. ಒಂದ ಮಾತು ಕೇಳ್ತೇನಿ. ನಾ ಬರಂಗಿಲ್ಲ ಅಂದೆ ಅಂತ ನೀ ಹೇಳಿದಾಗ ಅವ್ವ ಏನಂದ್ಲು? ಬೈದ್ಲಾ? ಅತ್ಲಾ? ನಾ ಕೆಟ್ಟಾಕಿ ಅಂತ ತಿಳಕೊಂಡು ಹೋದ್ಲಾ? ಅದೊಂದು ಬರಿ.

ನಾಗೂ


ಅಕ್ಕಿಆಲೂರು
೨೦ ಸೆಪ್ಟೆಂಬರ್ ೨೦೨೪

ನಾಗರತ್ನಾ,

ಎರಡೂ ಕಾಗದಾ ಮುಟ್ಟ್ಯಾವ. ಹರದಿಲ್ಲ.

ಹೌದು, ಫೋನ್ ಹಚ್ಚಲಿಲ್ಲ. ಹಚ್ಚೇನಿ ಅಂತ ಅವ್ವಗ ಸುಳ್ಳು ಹೇಳಿದೆ, ಓಣಿಗೂ ಅದನ್ನ ಹೇಳಿದೆ. ಅಕಿ ಮೊಬೈಲ್ ಬಂದ್ ಮಾಡಿಟ್ಟದ್ದೂ ನಾನ. ತಪ್ಪಾತು ಅಂತ ಬರ್ಯಾಕ ನನ್ನ ಕೈ ಏಳಂಗಿಲ್ಲ.

ಇನ್ನೊಂದು. ನಿನ್ನ ಕಾಗದದಾಗ "ಅವ್ವ, ಅವ್ವ" ಅಂತ ಬರೀಬ್ಯಾಡ. ಅಕಿ ನನ್ನವ್ವ. ನೀ ಸಾವಂತ್ರವ್ವ ಅಂತ ಬರಿ.

ಅಕಿ ಏನಂದ್ಲು ಅನ್ನೂದು ನಂದು. ಜೀವಮಾನ ಎಲ್ಲಾ ನಿನಗ ಕೊಟ್ಟಾಳ, ಇದೊಂದು ನನಗಿರ್ಲಿ.

ತನುಜಾ


ಹಿರೇಕೆರೂರು
೨೮ ಸೆಪ್ಟೆಂಬರ್ ೨೦೨೪

ತನುಜಾ,

ಎಲಾ ಇವಳ! ಮಾಡೋದು ಮಾಡಿ ಮತ್ತ ನನಗ ಹೆಸರು ಹ್ಯಾಂಗ ಬರೀಬೇಕು ಅಂತ ಕಲಸ್ತಿ? ನಿನ್ನ ಬಾಯಾಗ ಮಣ್ಣು ಹಾಕ. ಅವ್ವ, ಅವ್ವ, ಅವ್ವ. ತಗೋ, ಮೂರು ಸಲ ಬರದೇನಿ, ಏನ್ ಮಾಡ್ತಿ?

ನಿನ್ನ ಗದ್ದ್ಯಾಗ ನಾ ಗುಂಟೆ ಕೇಳೇನೇನು? ಅಕಿ ಕೊಳ್ಳಾಗಿನ ಗುಂಡು ಕೇಳೇನೇನು? ಅಕಿ ಉಟ್ಟ ಹಳೇ ಸೀರಿ ಒಂದು ಕೊಡು ಅಂತನೂ ಕೇಳಿಲ್ಲ. ನಿನ್ನ ಲಗ್ನದಾಗ ನಾಕು ದಿನ ರೊಟ್ಟಿ ಬಡದು ನನ್ನ ಅಂಗೈ ಸುಟ್ಟಿದ್ವು. ನೀ ಸವಣೂರಿಗೆ ಹೋಗೂ ಮುಂದ ನಿನ್ನ ಗಂಡ ಬಸವೇಶಗ ನಾನ ಕೈ ಮುಗದು ಹೇಳಿದ್ದೆ, ನಮ್ಮ ತನೂನ್ನ ಚಂದ ನೋಡ್ಕೋರಿ ಅಂತ. ನಾ ನಿಂದು ಏನ್ ಕಸ್ಕೊಂಡೇನಿ? ಬಾಯಿ ಬಿಟ್ಟು ಹೇಳು. ಹೇಳಲಿಲ್ಲ ಅಂದ್ರ ನಾ ಬಂದು ನಿನ್ನ ಕಟ್ಟಿಮ್ಯಾಲ ಕುಂತು ಓಣಿಗೆಲ್ಲಾ ಕೇಳೂ ಹಂಗ ಕೇಳ್ತೇನಿ. ನನಗೇನು ಮಾನ ಉಳದೈತಿ ಅಲ್ಲೆ, ಹೋಗಾಕ?

ನಾಗರತ್ನಾ


ಅಕ್ಕಿಆಲೂರು
೧೪ ಅಕ್ಟೋಬರ್ ೨೦೨೪

ನಾಗರತ್ನಾ,

ಏನ್ ಕಸ್ಕೊಂಡೇನಿ ಅಂತ ಕೇಳಿದ್ಯಲ್ಲ. ಬರೀತೇನಿ. ಕುಂತು ಓದು.

ಬಾಚಣಿಕಿ ಮಾತು ಬರದಿ. ಮೊದಲು ನಿನ್ನ ತಲಿ, ಖರೇ. ನನ್ನ ಪಾಳಿ ಬರೂದ್ರಾಗ ಸಾಲಿ ಗಂಟಿ ಆಗ್ತಿತ್ತು. ಒಂದು ಜಡಿ ಅವ್ವ ಹಾಕಿದ್ದು, ಇನ್ನೊಂದು ನಾನ ಓಡ್ಕೋತ ಹಾದ್ಯಾಗ ಹಾಕ್ಕೊಂಡದ್ದು. ಆ ಎಂಟು ದಿನ ನೀರು ಹೊತ್ತದ್ದು ನಿನಗ ಸಡಗರ. ನನಗ ಸಾಲ್ಯಾಗ ಹುಡುಗ್ಯಾರು, "ನಿಮ್ಮವ್ವ ಹಮಾಲರ ಮನ್ಯಾಗ ಚಾಕ್ರಿಗೆ ನಿಂತಾಳಂತ" ಅಂತ ಕಾಡ್ತಿದ್ರು. ಇವೆಲ್ಲಾ ಹುಡುಗಾಟದ ಮಾತು ಬಿಡು. ಇದಕ್ಕ ಯಾರೂ ಹಗೆ ಕಟ್ಟಂಗಿಲ್ಲ.

ನೀ ನೀಲೂನ್ನ ಬಸರಿದ್ದಾಗ ನಾನೂ ಬಸರಿದ್ದೆ, ನೆನಪೈತಿ? ನಿನ್ನ ದಿನದ ಮ್ಯಾಲ ಒಂದು ತಿಂಗಳಿಗೆ ನನ್ನ ದಿನ. ಚೊಚ್ಚಲು ಹೆರಿಗಿ ತವರಾಗ ಅಂತ ನಾ ಸವಣೂರಾಗ ಗಂಟು ಕಟ್ಕೊಂಡು ಕುಂತಿದ್ದೆ. ಅವ್ವ ಬಂದ್ಲು. ಹಸರ ಸೀರಿ ತಂದಿದ್ಲು, ಉಡಿ ತುಂಬಿದ್ಲು. ಚಾ ಕುಡದು, ತಲಿ ಕೆಳಗ ಹಾಕಿ ಅಂದ್ಲು: "ತನೂ, ಒಂದ ಮನ್ಯಾಗ ಇಬ್ಬರು ಬಾಣಂತ್ಯಾರು ಇರಬಾರದವ್ವಾ. ಒಬ್ಬಾಕಿದು ಇನ್ನೊಬ್ಬಾಕಿಗೆ ಬಡೀತೈತಿ, ಕೂಸಿಗೆ ಚಲೋ ಅಲ್ಲ. ನಾಗೂನ್ನ ಕರಕೊಂಡು ಬಂದು ಬಿಟ್ಟೇನಿ."

"ಅಕಿನ್ನ ಕಳಸು" ಅಂದೆ ನಾ.

"ಎಲ್ಲಿಗೆ ಕಳಸ್ಲಿ? ಚೌಡವ್ವನ ಕಡೆಗೇನ? ನಿನಗ ಅತ್ತಿ ಅದಾಳ, ನಾದಿನಿ ಅದಾಳ, ಗಂಡ ಅದಾನ. ಅಕಿಗೆ ಯಾರದಾರ?"

ಕಟ್ಟಿದ ಗಂಟು ಬಿಚ್ಚಿದೆ. ಸವಣೂರಾಗ ಹಡದೆ. ಅತ್ತಿ ಎರದದ್ದು ಎರಡು ದಿನ, ಅದೂ ಉಗುರುಬೆಚ್ಚನ್ನ ನೀರು. ಮೂರನೇ ದಿನ ಕೂಸು ಮೊಲಿ ಹಿಡೀಲಿಲ್ಲ. ಥಂಡಿ ಅಂದ್ರು, ದೃಷ್ಟಿ ಅಂದ್ರು, ಲಿಂಬಿಹಣ್ಣು ಇಳಸಿದ್ರು. ಮೈ ನೀಲಿ ಆದ ಮ್ಯಾಲ ದವಾಖಾನಿಗೆ ಎತ್ಕೊಂಡು ಓಡಿದ್ರು. ಹಾದ್ಯಾಗ ಹೋತು. ಹೆಣ್ಣಕೂಸು. ಅವ್ವ ಇದ್ದಿದ್ರ ಉಳೀತಿತ್ತೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ಅವ್ವ ಇರಲಿಲ್ಲ, ನಿನಗ ನೀರು ಕಾಸಾಕತ್ತಿದ್ಲು.

ಸುದ್ದಿ ತಿಳದು ಬಂದ್ಲು. ಒಂದ ದಿನ ಇದ್ಲು. ಮರುದಿನ ಮುಂಜಾನೆ ಎದ್ದು, "ಅಲ್ಲೆ ಕೂಸಿಗೆ ಎರೀಬೇಕವ್ವಾ, ಯಾರೂ ಇಲ್ಲ" ಅಂತ ಸೆರಗು ಹೊತ್ಕೊಂಡು ಬಸ್ಸಿಗೆ ಹೋದ್ಲು. ನನ್ನ ಎದ್ಯಾಗ ಹಾಲು ಕಟ್ಟಿ ಕಲ್ಲಾಗಿತ್ತು. ಹಿಂಡಿ ಚೆಲ್ಲಾಕ ಸುದ್ದ ಕಲಿಸಿ ಕೊಡೋರು ಇರಲಿಲ್ಲ ನನಗ.

ಮುಂದ ತಿಂಗಳಿಗೆ ನಿನ್ನ ಮಗಳನ್ನ ತೊಟ್ಟಲಕ್ಕ ಹಾಕಿ ನೀಲಾಂಬಿಕಾ ಅಂತ ಕರದ್ರಿ. ಅದು ನಮ್ಮಜ್ಜಿ ಹೆಸರು. ಹೆಣ್ಣಾದ್ರ ಇಡೂನು ಅಂತ ನಾ ಅವ್ವಗ ಮೊದಲ ಹೇಳಿಟ್ಟ ಹೆಸರು.

ನನಗ ಮತ್ತ ಮಕ್ಕಳಾಗಲಿಲ್ಲ. ನಾಕು ವರ್ಷದ ಹಿಂದ ಅವ್ವ ಬಚ್ಚಲದಾಗ ಬಿದ್ದು ಸೊಂಟಾ ಮುರಕೊಂಡಾಗ ಗಂಡನ ಮನಿ ಬಿಟ್ಟು ಬಂದಾಕಿ ನಾನು. ಹೇಲು ಉಚ್ಚಿ ಬಳದಾಕಿ ನಾನು. ನೀ ಪಂಚಮಿಗೊಮ್ಮೆ ಉಂಡಿ ತಗೊಂಡು ಬರ್ತಿದ್ದಿ, ಅಕಿ ಮಾರಿ ಅರಳತಿತ್ತು, ನೀ ಸಂಜಿ ಬಸ್ಸಿಗೆ ಹೋಗ್ತಿದ್ದಿ. ನಾಕು ವರ್ಷ ಕಾದೇನಿ ನಾಗರತ್ನಾ. "ಅವತ್ತು ನಿನಗ ತಪ್ಪು ಮಾಡಿದೆ ತನೂ" ಅಂತ ಒಂದ ಮಾತು ಅಂತಾಳೇನೋ ಅಂತ. ಕಡೀಕೆ ಬಾಯಿ ಬಿಟ್ಟು ಕೇಳಿದ್ದೇನು? "ನಾಗೂನ್ನ ಕರಸು."

ನಾ ಕರಸಲಿಲ್ಲ.

ತನುಜಾ


ಹಿರೇಕೆರೂರು
೧೦ ನವೆಂಬರ್ ೨೦೨೪

ತನುಜಾ,

ನಿನ್ನ ಕಾಗದ ಬಂದು ಇಪ್ಪತ್ತು ದಿನದ ಮ್ಯಾಲಾತು. ದೀಪಾವಳಿ ಬಂದು ಹೋತು, ನಾ ಒಂದು ಹಣತಿ ಹಚ್ಚಲಿಲ್ಲ. ಯಾಕ ಅಂತ ನೀಲೂ ಕೇಳಿದ್ಲು, ಸೊಂಟಾ ಹಿಡದೈತಿ ಅಂದೆ.

ನನಗ ಗೊತ್ತಿರಲಿಲ್ಲ ಅಂತ ಬರದು, ಹೊಡದು ಹಾಕಿ, ಮತ್ತ ಬರ್ಯಾಕತ್ತೇನಿ. ಗೊತ್ತ ಮಾಡ್ಕೊಳ್ಳಲಿಲ್ಲ. ನೀ ಬಸರಿ ಇದ್ದಿ, ತವರಿಗೆ ಬರಲಿಲ್ಲ, ಯಾಕ ಅಂತ ಒಂದ ಮಾತು ಕೇಳಬೇಕಾಗಿತ್ತು. ಕೇಳಿದ್ರ ನಾ ಎದ್ದು ಹೋಗಬೇಕಾಗ್ತಿತ್ತು. ಅದಕ್ಕ ಕೇಳಲಿಲ್ಲೋ ಏನೋ, ಈಗ ಯಾರಿಗೆ ಗೊತ್ತು?

ಅವತ್ತು ಸಾವಂತ್ರವ್ವ ಸವಣೂರಿಂದ ಬಂದು, ತಲಿಮ್ಯಾಲ ನೀರು ಹಾಕ್ಕೊಂಡು, ನೀಲೂನ್ನ ಕಾಲಮ್ಯಾಲ ಹಾಕ್ಕೊಂಡು ಎರದ್ಲು. "ತನೂನ ಕೂಸು ಹೋತು" ಅಂತ ಅಷ್ಟ ಅಂದ್ಲು. ಕಣ್ಣಾಗ ನೀರು ಇಳ್ಯಾಕತ್ತಿತ್ತು, ಹೊಗಿ ಅಂದ್ಲು. ನಾ ಏನ್ ಮಾಡಿದೆ ಗೊತ್ತೈತಿ? ಒದ್ದಿ ಮೈಯಾಗನ ಕೂಸಿನ್ನ ಕಸ್ಕೊಂಡು ಎದಿಗೆ ಅವಚಿಕೊಂಡು, ಸದ್ಯ ನಂದಲ್ಲ, ನಂದಲ್ಲ ಅಂದ್ಕೊಂಡೆ. ಇದನ್ನ ಇಲ್ಲೀತನಕ ಯಾರ ಮುಂದೂ ಅಂದಿಲ್ಲ. ಹೆಸರು ಇಟ್ಟಾಕಿ ಅಕೀನ. "ಈ ಹೆಸರು ಹೋಗಬಾರದು" ಅಂದ್ಲು. ಯಾಕ ಅಂತ ನಾ ಅದನ್ನೂ ಕೇಳಲಿಲ್ಲ.

ಅಕಿಮ್ಯಾಲೂ ಸಿಟ್ಟು ಬರಾಕತ್ತೈತಿ ನನಗ. ಒಂದ ಮಾತು ಹೇಳಿದ್ದಿದ್ರ ಹೆಂಗೋ ಇಲ್ಲೇ ಸರಕಾರಿ ದವಾಖಾನ್ಯಾಗ ಹಡೀತಿದ್ದೆ. ಆ ಮೂರು ತಿಂಗಳು ನಾ ಉಂಡದ್ದು ನಿನ್ನ ಬಾಣಂತನಾ. ಹೆತ್ತ ಮಗಳ ಬಾಯಾಗಿಂದ ತಗದು ನನಗ ಹಾಕಿದ್ಲು, ಯಾರದು ಅಂತ ಹೇಳಲಿಲ್ಲ. ಹಂಗಂತ ನೀಲೂ ಬಂದು ಮುಂದ ನಿಂತ್ರ, ಅಕಿ ಮಾಡಿದ್ದು ತಪ್ಪು ಅನ್ನಾಕ ನನಗ ಬಾಯಿ ಬರಂಗಿಲ್ಲ.

ನಿನ್ನ ಹೊಟ್ಟಿ ಉರದದ್ದು ಖರೇ. ಆದ್ರ ನೀ ಮಾಡಿದ್ದೂ ಖರೇ. ನನ್ನ ಮ್ಯಾಲಿನ ಸಿಟ್ಟಿಗೆ ಸಾಯೂ ಮುದುಕಿಗೆ ಸುಳ್ಳು ಹೇಳಿದಿ. ಅಕಿ ಇದ್ದಿದ್ರ ನಿನ್ನ ಕ್ಷಮಿಸ್ತಿದ್ಲು, ನನಗ ಅಷ್ಟು ದೊಡ್ಡ ಮನಸಿಲ್ಲ. ನೀನೂ ನನ್ನ ಕ್ಷಮಿಸಬ್ಯಾಡ. ಬರೇ ಹೇಳು, ಅಕಿ ಏನಂದ್ಲು? ಕೆಟ್ಟದ್ದಿದ್ರೂ ಹೇಳು, ಕೇಳ್ತೇನಿ.

ನಾಗರತ್ನಾ


ಅಕ್ಕಿಆಲೂರು
೧ ಡಿಸೆಂಬರ್ ೨೦೨೪

ನಾಗರತ್ನಾ,

ನಿನ್ನೆ ಹಿಟ್ಟಿನ ಗಿರಣಿ ಮುಂದ ಪಾಳಿ ಹಚ್ಚಿದ್ವಿ. ಎಲ್ಲಾರೂ ಕೇಳೂ ಹಂಗ ಮುದಕವ್ವಗ ಹೇಳಿದೆ: "ನಾಗೂದು ತಪ್ಪಿಲ್ಲ. ನಾ ಅಕಿಗೆ ಫೋನ್ ಹಚ್ಚಿರಲೇ ಇಲ್ಲ. ಸುಳ್ಳು ಹೇಳಿದ್ದೆ." ಮುದಕವ್ವ ತನ್ನ ಡಬ್ಬಿ ಎತ್ಕೊಂಡು ಒಂದು ಮಾರು ಸರದು ನಿಂತ್ಲು. ಸಂಜಿಕೆ ಓಣಿಗೆಲ್ಲಾ ಆಗಿತ್ತು. ಇವತ್ತು ಹಾಲಿನಾಕಿ ಬಾಗಲಾಗ ಹಾಲಿಟ್ಟು, ಮಾತಾಡ್ಸಲಾರದ ಹೋದ್ಲು. ಇದನ್ನ ನಿನ್ನ ಸಲುವಾಗಿ ಮಾಡಿಲ್ಲ. ಅಕಿ ಸಾಕಿದ ಹುಡುಗಿ ಉಂಡ ಮನಿ ಜಂತಿ ಎಣಿಸಿದ್ಲು ಅಂತ ಮಂದಿ ಆಡ್ಕೊಳ್ಳೂದು ನನ್ನವ್ವಗ ಹತ್ತತೈತಿ, ಅದಕ್ಕ ಮಾಡೇನಿ.

ಈಗ ನೀ ಕೇಳಿದ್ದು.

ಅವತ್ತು ರವಿವಾರ. ನಾ ಗಂಜಿ ಕುಡಸಾಕತ್ತಿದ್ದೆ. "ನಾಗೂ ಯಾವಾಗ ಬರ್ತಾಳ?" ಅಂದ್ಲು. "ಫೋನ್ ಹಚ್ಚಿದ್ದೆ, ಬರಾಕ ಆಗಂಗಿಲ್ಲಂತ" ಅಂದೆ. ನನ್ನ ಮಾರಿ ನೋಡಿದ್ಲು. ಬಾಳ ಹೊತ್ತು ನೋಡಿದ್ಲು. ಸಣ್ಣಾಕಿ ಇದ್ದಾಗ ಬೆಲ್ಲಾ ಕದ್ದು ಬಾಯಿ ಒರಸ್ಕೊಂಡು ನಿಂತ್ರ ಹಂಗ ನೋಡ್ತಿದ್ಲು ಅಕಿ. ತಿಳದಿತ್ತು ಅಕಿಗೆ. "ಸುಳ್ಳು ಹೇಳಬ್ಯಾಡ" ಅಂತ ಒಂದ ಮಾತು ಅಂದಿದ್ರ ಆವಾಗಿಂದಾವಾಗ ನಿನಗ ಫೋನ್ ಹಚ್ಚತಿದ್ದೆ, ಆಣಿ ಮಾಡಿ ಹೇಳ್ತೇನಿ.

ಅನಲಿಲ್ಲ. ನನ್ನ ಕೈ ಹಿಡದು, "ಆಗಂಗಿಲ್ಲ ಅಂದ್ರ ಇರ್ಲಿ ಬಿಡವ್ವಾ. ನೀ ಅದೀಯಲ್ಲ, ಸಾಕು" ಅಂದ್ಲು.

ಹುಟ್ಟಿದಾಗಿಂದ ನಾ ಕಾದಿದ್ದ ಮಾತು ನಾಗರತ್ನಾ, ಅದು. ನೀ ಅದೀಯಲ್ಲ, ಸಾಕು.

ಆಮ್ಯಾಲ ಮೂರು ದಿನ ಇದ್ಲು. ನಿನ್ನ ಹೆಸರು ಎತ್ತಲಿಲ್ಲ. ಹೊರಗ ಬಾಗಲಾ ಸಪ್ಪಳಾದ್ರ ಮಾತ್ರ ತಲಿ ಎತ್ತಿ ಆ ಕಡೆ ನೋಡ್ತಿದ್ಲು. ನಾ ನೋಡಾಕತ್ತೇನಿ ಅಂತ ಗೊತ್ತಾದ ಕೂಡಲೇ ಕಣ್ಣು ಮುಚ್ಚಿ ನಿದ್ದಿ ಬಂದಂಗ ಮಾಡ್ತಿದ್ಲು.

ತನುಜಾ